ಕೈಯಲ್ಲಿ ತಿರುಗಿಸುವ ಆಯಿಲ್ ಪಂಪಿನ ಅಳತೆ ಕಮ್ಮಿ ಬರುತ್ತಿರುವ ಬಗ್ಗೆ ದೂರು

ಇಂದ,
ಎಂಜಿನ್ ರಿಪೇರಿ ವರ್ಕ್‌ಶಾಪಿನ ಮಾಲೀಕ,
ಮೂಡಿಗೆರೆ, ಚಿಕ್ಕಮಗಳೂರು ಜಿಲ್ಲೆ

ಗೆ,
ಗ್ರಾಹಕ ಸೇವಾ ವಿಭಾಗದ ಮುಖ್ಯಸ್ಥರು,
ಪಂಪು ತಯಾರಿಸಿದ ಕಂಪನಿ, ಬೆಂಗಳೂರು

ವಿಷಯ: 20 ಲೀಟರ್ ಕೈ ಪಂಪು ಹೇಳಿದಷ್ಟು ಎಣ್ಣೆ ಕೊಡದಿರುವುದು, ವಾರಂಟಿಯಲ್ಲಿ ಸರಿಮಾಡಿಕೊಡಲು ನಿಮ್ಮವರು ಒಪ್ಪದಿರುವುದು

ಮಾನ್ಯರೇ,

ಎಂಜಿನ್ನಿಗೆ ಎಣ್ಣೆ ಅಳೆದು ಹಾಕುವ, ನಿಮ್ಮ ಕಂಪನಿಯ 20 ಲೀಟರ್ ಡಬ್ಬದ ಕೈ ಪಂಪನ್ನು ಮಳೆಗಾಲ ಮುಗಿಯುತ್ತಿದ್ದ ಹಾಗೆ ಚಿಕ್ಕಮಗಳೂರಿನ ಡೀಲರ್ ಅಂಗಡಿಯಲ್ಲಿ ತೆಗೆದುಕೊಂಡೆ. ಬಿಲ್ಲು 6,850 ರೂಪಾಯಿ. ವಾರಂಟಿ ಒಂದು ವರ್ಷ. ಹ್ಯಾಂಡಲ್ ಒಂದು ಸುತ್ತು ತಿರುಗಿಸಿದರೆ 100 ಎಂಎಲ್ ಎಣ್ಣೆ, ಎಷ್ಟು ಸುತ್ತಾಯಿತು ಅಂತ ಮೇಲಿನ ಮೀಟರಿನಲ್ಲಿ ನೋಡಿಕೊಳ್ಳಿ ಅಂತ ಡಬ್ಬದ ಮೇಲೆ ದೊಡ್ಡ ಅಕ್ಷರದಲ್ಲಿ ಅಚ್ಚಾಗಿದೆ. ಸುತ್ತಿನ ಲೆಕ್ಕ ಸರಿಯಾಗಿಯೇ ಬೀಳುತ್ತದೆ. ಎಣ್ಣೆ ಮಾತ್ರ ಅಷ್ಟು ಬರುವುದಿಲ್ಲ. ಫೋನಿನಲ್ಲಿ ನಿಮ್ಮವರಿಗೆ ಹೇಳಿ ಹೇಳಿ ಸಾಕಾಗಿ ಈಗ ಕಾಗದದಲ್ಲಿ ಬರೆಯುತ್ತಿದ್ದೇನೆ.

ಮೊದಲು ನಮ್ಮ ಕೆಲಸ ಏನು ಅಂತ ಹೇಳಬೇಕು. ಬೆಂಗಳೂರಿನ ಆಫೀಸಿನಲ್ಲಿ ಕೂತವರಿಗೆ ಇದು ಗೊತ್ತಾಗದೇ ಇರಬಹುದು. ನಮ್ಮದು ರಸ್ತೆ ಬದಿಯ ಗ್ಯಾರೇಜು ಅಲ್ಲ. ಮೂಡಿಗೆರೆ, ಬಣಕಲ್, ಗೋಣಿಬೀಡು, ಬಾಳೂರು ಕಡೆಯ ಕಾಫಿ ತೋಟಗಳಿಗೆ ನಾವೇ ಹೋಗಿ ಪಲ್ಪರ್ (ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಯಂತ್ರ) ಎಂಜಿನ್, ಟಿಲ್ಲರ್, ಸ್ಪ್ರೇಯರ್, ನೀರೆತ್ತುವ ಡೀಸೆಲ್ ಪಂಪ್‌ಸೆಟ್ ಸರ್ವೀಸ್ ಮಾಡಿ ಬರುತ್ತೇವೆ. ಈಗ ಅರೇಬಿಕಾ ಕುಯ್ಲು ನಡೀತಾ ಇದೆ. ಕುಯ್ದ ಹಣ್ಣನ್ನು ಅವತ್ತೇ ಪಲ್ಪ್ ಮಾಡಬೇಕು. ಬಿಟ್ಟರೆ ಹಣ್ಣು ಹುಳಿಯುತ್ತದೆ, ಕಾಫಿಯ ರುಚಿ ಕೆಡುತ್ತದೆ. ಹಾಗಾಗಿ ಸಾಯಂಕಾಲ ಪಲ್ಪರ್ ನಿಂತಿತು ಅಂದರೆ ತೋಟದಲ್ಲಿ ಯಾರಿಗೂ ಸಮಾಧಾನ ಇರುವುದಿಲ್ಲ. ಎಂಜಿನ್ ಆಯಿಲ್ ಬದಲಾಯಿಸುವ ಕೆಲಸ ಎಲ್ಲ ಬೆಳಗ್ಗೆಯೇ ಮುಗಿಸಿಬಿಡಬೇಕು.

ಅಂಥ ಕಡೆ ಕರೆಂಟು ನಂಬಿಕೊಂಡು ಹೋಗುವ ಹಾಗಿಲ್ಲ. ಜಗ್ಗಿನಲ್ಲಿ ಅಳೆದು ಆಲಿಕೆ ಇಟ್ಟು ಸುರಿದರೆ ಶೆಡ್ಡಿನ ದೂಳು, ಕಾಫಿ ಸಿಪ್ಪೆಯ ಪುಡಿ ಎಲ್ಲ ಎಣ್ಣೆಗೆ ಬೀಳುತ್ತದೆ. ಮುಚ್ಚಿದ ಡಬ್ಬ, ಕೈಯಲ್ಲಿ ತಿರುಗಿಸುವ ಹ್ಯಾಂಡಲ್, ಉದ್ದದ ಹೋಸ್, ಕೊನೆಗೆ ಬಾಗಿದ ನಾಝಲ್, ಜೊತೆಗೆ ಅಳತೆ. ನಮಗೆ ಬೇಕಾಗಿದ್ದೂ ಇದೇ. ಅಳತೆ ಬೇಡ ಅಂದಿದ್ದರೆ ಇದರ ಮೂರನೇ ಒಂದು ಭಾಗದ ಬೆಲೆಗೆ ಸಾದಾ ಬ್ಯಾರೆಲ್ ಪಂಪು ಸಿಗುತ್ತಿತ್ತು. ನಾನು ಜಾಸ್ತಿ ದುಡ್ಡು ಕೊಟ್ಟದ್ದು ಆ ಮೀಟರಿಗೆ.

ಗೋಣಿಬೀಡಿನ ಹತ್ತಿರದ ಒಂದು ತೋಟದಲ್ಲಿ ವಿಷಯ ಬಯಲಾಯಿತು. ಎಣ್ಣೆ ತೋಟದವರದ್ದೇ, 5 ಲೀಟರ್ ಕ್ಯಾನು. ನಮ್ಮ ಡಬ್ಬ ಖಾಲಿ ಮಾಡಿ, ಒರೆಸಿ, ಅವರ ಎಣ್ಣೆಯನ್ನೇ ತುಂಬಿಸಿಕೊಂಡೆವು. ಪಲ್ಪರ್ ಎಂಜಿನ್ನಿಗೆ ಹಾಕುವಷ್ಟು ಹಾಕಿ ನಿಲ್ಲಿಸಿದಾಗ ಮೀಟರು ಲೆಕ್ಕ ಸರಿಯಾಗಿದೆ ಅನ್ನುತ್ತಿತ್ತು. ಎಣ್ಣೆಯ ಮಟ್ಟ ನೋಡುವ ಡಿಪ್‌ಸ್ಟಿಕ್ ಕಡ್ಡಿ ಎಳೆದು ನೋಡಿದರೆ ಎಣ್ಣೆ ಕೆಳಗಿನ ಗೆರೆಯನ್ನೂ ಮುಟ್ಟಿಲ್ಲ. ಪಕ್ಕದಲ್ಲಿ ಪುಸ್ತಕ ಹಿಡಿದು ನಿಂತಿದ್ದ, ತೋಟದ ಲೆಕ್ಕ ಬರೆಯುವ ರೈಟರು ಒಮ್ಮೆ ಡಿಪ್‌ಸ್ಟಿಕ್ ನೋಡಿದರು, ಒಮ್ಮೆ ಮೀಟರು ನೋಡಿದರು. "ಏನಣ್ಣ, ಎಣ್ಣೆ ಹಾಕ್ತಿದೀರೋ ಗಾಳಿ ಹಾಕ್ತಿದೀರೋ?" ಅಂದರು. ನಗುತ್ತಲೇ ಹೇಳಿದ್ದು ನಿಜ. ಆದರೆ ತೋಟದ ರೈಟರು ನಗುತ್ತಾ ಹೇಳಿದ ಮಾತು ಸಂಜೆ ಹೊತ್ತಿಗೆ ಸಾಹುಕಾರರ ಮನೆ ಮುಟ್ಟಿರುತ್ತದೆ. ಅಲ್ಲಿಂದ ಇನ್ನು ನಾಲ್ಕು ತೋಟಕ್ಕೆ ಹೋಗುತ್ತದೆ.

ವರ್ಕ್‌ಶಾಪಿಗೆ ಬಂದು ಅಳೆದೆ. ಅಳೆದ ರೀತಿಯನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನಿಮ್ಮವರು ಮೊದಲು ಅನುಮಾನ ಪಟ್ಟಿದ್ದೇ ಅದರ ಮೇಲೆ. ಕಾಳುಮೆಣಸು ತೂಗುವ, ತೂಕ-ಅಳತೆ ಇಲಾಖೆಯ ಮುದ್ರೆ ಇರುವ ಎಲೆಕ್ಟ್ರಾನಿಕ್ ತಕ್ಕಡಿ ಪಕ್ಕದ ಅಂಗಡಿಯಲ್ಲೇ ಇದೆ. ಜೊತೆಗೆ ಮುದ್ರೆ ಬಿದ್ದ ಒಂದು ಲೀಟರಿನ ಅಳತೆ ಪಾತ್ರೆಯನ್ನೂ ತಂದೆ. ಆ ಪಾತ್ರೆಗೆ 20ಡಬ್ಲ್ಯೂ-40 ಎಂಜಿನ್ ಆಯಿಲ್ ತುಂಬಿ ತೂಗಿದಾಗ ಎಣ್ಣೆಯ ತೂಕ 880 ಗ್ರಾಂ ಆಸುಪಾಸು ಬಂತು. ಎಣ್ಣೆ ನೀರಿಗಿಂತ ಹಗುರ, ಅಷ್ಟೇ ಬರಬೇಕು. ಇನ್ನು ನಿಮ್ಮ ಪಂಪು. ಹತ್ತು ಸುತ್ತಿಗೆ ಒಂದು ಲೀಟರು, ಅಂದರೆ ಅದೇ 880 ಗ್ರಾಂ ಬರಬೇಕು ಅಲ್ವಾ? ರಾತ್ರಿ ಇಟ್ಟು ಬೆಳಗ್ಗೆ ತಿರುಗಿಸಿದರೆ ಬಂದದ್ದು 790 ಗ್ರಾಂ. ಅಲ್ಲೇ ನಿಲ್ಲಿಸದೆ ಮುಂದಿನ ಹತ್ತು ಸುತ್ತು ತಿರುಗಿಸಿದಾಗ 835. ಒಂದು ಲೀಟರಿಗೆ ಮೊದಲ ಸಲ ಸುಮಾರು 100 ಎಂಎಲ್ ಖೋತಾ, ಆಮೇಲೆ ಸುಮಾರು 50 ಎಂಎಲ್ ಖೋತಾ. ಬೆಳಗಿನ ಮೊದಲ ಸುತ್ತಿನಲ್ಲಿ ನಾಝಲ್ಲಿನಿಂದ ಎಣ್ಣೆಯೇ ಬರುವುದಿಲ್ಲ. ಪುಸ್ ಪುಸ್ ಅಂತ ಗಾಳಿ, ಅದರ ಹಿಂದೆ ನೊರೆ, ಆಮೇಲೆ ಎಣ್ಣೆ. ಅಷ್ಟೊತ್ತಿಗೆ ಮೀಟರು ಮುಂದೆ ಹೋಗಿ ಆಗಿರುತ್ತದೆ. ನಿಮ್ಮ ಮೀಟರು ಎಣಿಸುವುದು ಹ್ಯಾಂಡಲ್ಲಿನ ಸುತ್ತನ್ನು. ಪೈಪಿನಲ್ಲಿ ಬಂದದ್ದು ಎಣ್ಣೆಯೋ ಗಾಳಿಯೋ ಅದಕ್ಕೆ ಗೊತ್ತಾಗುವ ದಾರಿಯೇ ಇಲ್ಲ.

ಈ 100 ಎಂಎಲ್ ಏನು ಮಹಾ ಅಂತ ನಿಮ್ಮ ಪ್ರತಿನಿಧಿ ಫೋನಿನಲ್ಲಿ ಕೇಳಿದರು. ಸ್ಪ್ರೇಯರಿಗೆ, ಚಿಕ್ಕ ನೀರಿನ ಪಂಪಿಗೆ ಬರುವ ಐದೂವರೆ ಎಚ್‌ಪಿ ಪೆಟ್ರೋಲ್ ಎಂಜಿನ್ ಹಿಡಿಯುವುದೇ ಸುಮಾರು 600 ಎಂಎಲ್ ಎಣ್ಣೆ. ಅದರಲ್ಲಿ ಎಣ್ಣೆ ಪಂಪು ಇರುವುದಿಲ್ಲ. ಕನೆಕ್ಟಿಂಗ್ ರಾಡಿನ ತುದಿಯಲ್ಲಿರುವ ಚಿಕ್ಕ ಸೌಟು ಕೆಳಗಿನ ಎಣ್ಣೆಯನ್ನು ಎರಚಿಯೇ ಎಲ್ಲ ಕಡೆ ಎಣ್ಣೆ ಮುಟ್ಟಬೇಕು. ಮಟ್ಟ ಇಳಿದರೆ ಸೌಟಿಗೆ ಎಣ್ಣೆ ಸರಿಯಾಗಿ ಸಿಗುವುದಿಲ್ಲ. ಇಳಿಜಾರಿನ ತೋಟದಲ್ಲಿ ಎಂಜಿನ್ ಓರೆಯಾಗಿ ನಿಂತಿದ್ದರಂತೂ ಕೇಳುವುದೇ ಬೇಡ. ರಾಡು ಬೇರಿಂಗು ಹಿಡಿದುಕೊಂಡರೆ ಆಮೇಲೆ ಬರುವ ಖರ್ಚು ನಿಮ್ಮ ಪಂಪಿನ ಬೆಲೆಯನ್ನು ಮೀರುತ್ತದೆ. ನಾನು ಡಿಪ್‌ಸ್ಟಿಕ್ ನೋಡದೆ ಎಂಜಿನ್ ಬಿಟ್ಟು ಬರುವವನಲ್ಲ, ಅದರಿಂದ ಯಾವ ಎಂಜಿನ್ನೂ ಹಾಳಾಗಿಲ್ಲ. ಆದರೆ ಪ್ರತಿ ಸಲ ಡಿಪ್‌ಸ್ಟಿಕ್ ನೋಡಿ, ಮತ್ತೆ ಹಾಕಿ, ಮತ್ತೆ ನೋಡಿ ಅಂತಾದರೆ ಮೀಟರ್ ಇರುವ ಪಂಪು ಯಾಕೆ ಬೇಕಿತ್ತು?

ಇನ್ನು ನಿಮ್ಮವರು ಕೊಟ್ಟ ಉತ್ತರಗಳಿಗೆ ಬರುತ್ತೇನೆ.

ಮೊದಲನೆಯದು ಚಳಿ. "ನಿಮ್ಮ ಕಡೆ ಚಳಿ ಜಾಸ್ತಿ, ಎಣ್ಣೆ ದಪ್ಪ ಆಗುತ್ತದೆ, ಅದಕ್ಕೆ ಅಳತೆ ಕಮ್ಮಿ" ಅಂದರು. ಕೇಳಲು ಸರಿ ಅನಿಸುತ್ತದೆ. ನಾನೂ ಅದನ್ನು ತಳ್ಳಿಹಾಕದೆ ನೋಡಿದೆ. ಮಧ್ಯಾಹ್ನದ ಬಿಸಿಲಲ್ಲಿ ಡಬ್ಬ ಇಟ್ಟು, ಕೈಗೆ ಬೆಚ್ಚಗೆ ತಾಗುವ ಹಾಗಾದ ಮೇಲೆ, ಮೊದಲಿನ ಗಾಳಿ ಎಲ್ಲ ಹೊರಗೆ ಹೋದ ಮೇಲೆ, ನಿಧಾನವಾಗಿ ಹತ್ತು ಸುತ್ತು ತಿರುಗಿಸಿದೆ. 815 ಗ್ರಾಂ. ಬೆಳಗ್ಗೆ ಬಂದ 835ಕ್ಕಿಂತಲೂ ಕಮ್ಮಿ! ಇದಕ್ಕೆ ಕಾರಣ ಇದೆ. ಇದು ಪಿಸ್ಟನ್ ಪಂಪು. ಪ್ರತಿ ಸುತ್ತಿಗೂ ಒಂದೇ ಜಾಗವನ್ನು ತುಂಬಿ ಒಂದೇ ಜಾಗವನ್ನು ಖಾಲಿ ಮಾಡುತ್ತದೆ. ದಪ್ಪ ಎಣ್ಣೆ ನಿಧಾನವಾಗಿ ತುಂಬುತ್ತದೆ ನಿಜ, ಆದರೆ ಹ್ಯಾಂಡಲ್ಲನ್ನು ಮೆಲ್ಲಗೆ ತಿರುಗಿಸಿದರೆ ಪೂರ್ತಿ ತುಂಬಿಯೇ ತುಂಬುತ್ತದೆ. ಸಂದಿಯಲ್ಲಿ ಹಿಂದಕ್ಕೆ ಸೋರುವುದು ಜಾಸ್ತಿ ಆಗುವುದು ಎಣ್ಣೆ ತೆಳ್ಳಗಾದಾಗ. ಅಂದರೆ ಒಳಗೆ ಎಲ್ಲೋ ಸೋರಿಕೆ ಇದೆ ಅಂತ ನಿಮ್ಮ ಚಳಿಯ ಮಾತೇ ತೋರಿಸಿಕೊಟ್ಟಿತು.

ಸೋರಿಕೆ ಎಲ್ಲಿದೆ ಅನ್ನುವುದೂ ಗೊತ್ತಾಯಿತು. ನಿಮ್ಮ ಪುಸ್ತಕದಲ್ಲೇ ಚಿತ್ರ ಹಾಕಿ ಹೇಳಿದ್ದೀರಿ, ಕೆಳಗಿನ ಜಾಲರಿ ಮತ್ತು ಎಣ್ಣೆ ವಾಪಸ್ ಇಳಿಯದ ಹಾಗೆ ತಡೆಯುವ ಫುಟ್‌ವಾಲ್ವ್ ಆಗಾಗ ಬಿಚ್ಚಿ ತೊಳೆಯಬೇಕು ಅಂತ. ಆ ಚಿತ್ರ ನೋಡಿಕೊಂಡೇ ಬಿಚ್ಚಿದೆ. ಒಳಗೆ ಒಂದು ಕಪ್ಪು ರಬ್ಬರ್ ವಾಷರ್ ಇದೆ. ಅದು ಎಣ್ಣೆ ಒಳಗೆ ಬರುವಾಗ ಏಳಬೇಕು, ಹೊರಗೆ ತಳ್ಳುವಾಗ ಕೂತು ದಾರಿ ಮುಚ್ಚಬೇಕು. ನಮ್ಮ ಪಂಪಿನ ವಾಷರ್ ಉಬ್ಬಿದೆ. ಅಂಚು ಮೇಲಕ್ಕೆ ಸುರುಟಿದೆ. ಉಗುರಿನಲ್ಲಿ ಒತ್ತಿದರೆ ಬಿದ್ದ ಗುರುತು ಹಾಗೇ ಉಳಿಯುತ್ತದೆ. ಪಂಪಿನ ಜೊತೆ ನೀವೇ ಕೊಟ್ಟ ಬಿಡಿ ವಾಷರನ್ನು ಪಕ್ಕದಲ್ಲಿಟ್ಟು ವರ್ನಿಯರಿನಲ್ಲಿ ಅಳೆದೆ. ಹೊಸದು 28 ಮಿಲಿಮೀಟರ್. ಎಣ್ಣೆಯಲ್ಲಿದ್ದದ್ದು 31. ಅದು ಕೂರುವ ಗೂಡಿನ ಅಗಲ ಹೆಚ್ಚುಕಮ್ಮಿ ಅಷ್ಟೇ ಇರುವುದರಿಂದ ವಾಷರ್ ಗೋಡೆಗೆ ತಾಗಿ ಓರೆಯಾಗಿ ನಿಲ್ಲುತ್ತದೆ, ಒಂದು ಪಕ್ಕ ತೆರೆದೇ ಇರುತ್ತದೆ. ಪಿಸ್ಟನ್ ತಳ್ಳುವಾಗ ಒಂದಿಷ್ಟು ಎಣ್ಣೆ ಹೋಸಿಗೆ ಹೋಗುವ ಬದಲು ಅಲ್ಲಿಂದ ಡಬ್ಬಕ್ಕೇ ವಾಪಸ್ ಇಳಿಯುತ್ತದೆ. ರಾತ್ರಿ ನಿಲ್ಲಿಸಿದರೆ ಸಿಲಿಂಡರಿನಲ್ಲಿದ್ದದ್ದೂ ಇಳಿದು ಆ ಜಾಗಕ್ಕೆ ಗಾಳಿ ಸೇರುತ್ತದೆ. ಬೆಳಗ್ಗೆ ಪುಸ್ ಪುಸ್ ಅನ್ನುವುದು ಅದೇ.

ಆ ಬಿಡಿ ವಾಷರನ್ನೂ ಒಂದು ಗಾಜಿನ ಲೋಟದಲ್ಲಿ ಅದೇ ಎಂಜಿನ್ ಆಯಿಲ್ ಹಾಕಿ ಮುಳುಗಿಸಿಟ್ಟೆ. ಅದೂ ಉಬ್ಬಿತು. ಎಣ್ಣೆಗೆ ಹಾಕುವ ಸೀಲು ನೈಟ್ರೈಲ್ ರಬ್ಬರಿನದ್ದಾಗಿರಬೇಕು, ಇಪಿಡಿಎಂ ರಬ್ಬರ್ ಎಣ್ಣೆಯಲ್ಲಿ ಉಬ್ಬುತ್ತದೆ, ಇದು ಸೀಲು ಮಾರುವ ಯಾವ ಅಂಗಡಿಯವರನ್ನು ಕೇಳಿದರೂ ಹೇಳುತ್ತಾರೆ. ನಿಮ್ಮ ವಾಷರ್ ಯಾವ ರಬ್ಬರಿನದ್ದು ಅನ್ನುವುದನ್ನು ನೀವೇ ಹೇಳಬೇಕು. ಎಣ್ಣೆಯ ಪಂಪಿಗೆ ಹಾಕುವಂಥದ್ದಂತೂ ಅಲ್ಲ.

ಎರಡನೆಯ ಉತ್ತರ: ವಾಷರ್, ಸೀಲು ಸವೆಯುವ ಭಾಗ, ಅದಕ್ಕೆ ವಾರಂಟಿ ಇಲ್ಲ. ಸವೆದಿದ್ದರೆ ನಾನು ಈ ಕಾಗದ ಬರೆಯುತ್ತಲೇ ಇರಲಿಲ್ಲ, ಅಂಗಡಿಗೆ ಹೋಗಿ ಬೇರೆ ತರುತ್ತಿದ್ದೆ. ಸವೆದದ್ದು ಚಿಕ್ಕದಾಗುತ್ತದೆ. ಇದು ದೊಡ್ಡದಾಗಿದೆ. ತಪ್ಪು ಮಾಲು ಹಾಕಿ ಕಳಿಸಿ ಅದಕ್ಕೆ ಸವೆತ ಅಂತ ಹೆಸರಿಟ್ಟರೆ ಹೇಗೆ?

ಮೂರನೆಯದು ಬರವಣಿಗೆಯಲ್ಲೇ ಬಂದಿದೆ, ಮೆಸೇಜು ನನ್ನ ಹತ್ತಿರ ಇದೆ. "ಈ ಪಂಪು ಅಂದಾಜು ಅಳತೆಗೆ ಮಾತ್ರ, ವ್ಯಾಪಾರದ ಅಳತೆಗೆ ಅಲ್ಲ" ಅಂತ. ಇದನ್ನು ಓದಿ ನಿಜವಾಗಿ ಸಿಟ್ಟು ಬಂತು. ಡಬ್ಬದ ಮೇಲೆ "ಪ್ರತಿ ಸುತ್ತಿಗೂ ಖಚಿತ 100 ಎಂಎಲ್" ಅಂತಿದೆ. ನಿಮ್ಮ ಕೈಪಿಡಿಯಲ್ಲಿ ಗ್ಯಾರೇಜಿನವರಿಗೆ, ಚಿಲ್ಲರೆ ಎಣ್ಣೆ ಮಾರುವವರಿಗೆ ಅನುಕೂಲ ಅಂತಿದೆ. ಎಣ್ಣೆ ಅಳೆದು ಮಾರಿದರೆ ಆ ಅಳತೆಗೆ ಇಲಾಖೆಯ ತಪಾಸಣೆ, ಮುದ್ರೆ ಬೇಕು ಅಂತ 2009ರ ಕಾನೂನು ಮಾಪನಶಾಸ್ತ್ರ ಕಾಯ್ದೆ ಹೇಳುತ್ತದೆ. ಅದು ನಿಮಗೆ ಗೊತ್ತಿದ್ದೇ ಆ ಮೆಸೇಜು ಕಳಿಸಿದ್ದೀರಿ. ಮಾರುವಾಗ ಖಚಿತ, ದೂರು ಬಂದಾಗ ಅಂದಾಜು. ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗಾಯಿತು. ನಾನಂತೂ ಈಗ ಪಂಪಿನ ಮೀಟರು ನೋಡಿ ಯಾರಿಗೂ ಬಿಲ್ಲು ಬರೆಯುತ್ತಿಲ್ಲ, ಮುದ್ರೆಯ ಪಾತ್ರೆಯಲ್ಲೇ ಅಳೆಯುತ್ತಿದ್ದೇನೆ. ಆದರೆ ಡಬ್ಬದ ಮೇಲಿನ ಅಕ್ಷರ ನಂಬಿಕೊಂಡು ಬಿಲ್ಲು ಬರೆಯುತ್ತಿರುವವರು ಬೇರೆ ಊರುಗಳಲ್ಲಿ ಇರುವುದಿಲ್ಲವೇ? ಅವರ ಗಿರಾಕಿಗಳಿಗೆ ಲೀಟರಿಗೆ 100 ಎಂಎಲ್ ಕಮ್ಮಿ ಹೋಗುತ್ತಿದ್ದರೆ ಕೆಟ್ಟ ಹೆಸರು ಅಂಗಡಿಯವನಿಗೆ, ನಿಮಗಲ್ಲ.

ಸುಮ್ನೆ ಬೈಯಬೇಕು ಅಂತ ಬರೆಯುತ್ತಿಲ್ಲ. ಪಂಪು ಪೂರ್ತಿ ಕೆಟ್ಟದ್ದೂ ಅಲ್ಲ. ಡಬ್ಬದ ಬಣ್ಣ ಚೆನ್ನಾಗಿದೆ, ನಮ್ಮ ಕಡೆಯ ತೇವಕ್ಕೂ ತುಕ್ಕು ಹಿಡಿದಿಲ್ಲ. ಹ್ಯಾಂಡಲ್ ಗಟ್ಟಿ. ಜೀಪಿನ ಹಿಂದೆ ಹಾಕಿಕೊಂಡು ಕಲ್ಲು ರಸ್ತೆಯಲ್ಲಿ ಓಡಾಡಿದರೂ ಹೋಸಿನ ಜಾಯಿಂಟು ಸಡಿಲ ಆಗಿಲ್ಲ. ಇಷ್ಟೆಲ್ಲ ಚೆನ್ನಾಗಿ ಮಾಡಿ ಅತಿ ಕಮ್ಮಿ ಬೆಲೆಯ ಒಂದು ವಾಷರಿನಲ್ಲಿ ಯಾಕೆ ಉಳಿತಾಯ ಮಾಡಿದಿರೋ ನನಗೆ ಅರ್ಥ ಆಗಲಿಲ್ಲ.

ಪಂಪನ್ನು ಎಣ್ಣೆ ಖಾಲಿ ಮಾಡಿ, ತೊಳೆದು, ನನ್ನ ಖರ್ಚಿನಲ್ಲಿ ಪೀಣ್ಯಕ್ಕೆ ಪಾರ್ಸೆಲ್ ಮಾಡಿ, ನೋಡಿ ಹೇಳುತ್ತೇವೆ ಅಂತಲೂ ನಿಮ್ಮವರು ಹೇಳಿದ್ದಾರೆ. ಎಷ್ಟು ದಿನ ಅಂತ ಕೇಳಿದರೆ ಹೇಳಲು ಬರುವುದಿಲ್ಲವಂತೆ. ಕುಯ್ಲಿನ ಕಾಲದಲ್ಲಿ ಅದು ಆಗುವ ಮಾತಲ್ಲ. ಅರೇಬಿಕಾ ಮುಗಿಯುವಷ್ಟರಲ್ಲಿ ರೋಬಸ್ಟಾ ಶುರುವಾಗುತ್ತದೆ.

ನನಗೆ ಬೇಕಾದದ್ದು ಜಾಸ್ತಿ ಏನೂ ಇಲ್ಲ. ಎಣ್ಣೆಗೆ ತಡೆಯುವ ರಬ್ಬರಿನ ವಾಷರ್, ಸೀಲುಗಳ ಪೂರ್ತಿ ಸೆಟ್ಟು ನಿಮ್ಮ ಖರ್ಚಿನಲ್ಲಿ ಚಿಕ್ಕಮಗಳೂರಿನ ಡೀಲರಿಗೆ ಕಳಿಸಿ. ಹಾಕಿದ ಮೇಲೆ ಡೀಲರ್ ಎದುರಿಗೇ ಮುದ್ರೆ ಬಿದ್ದ ಪಾತ್ರೆಯಲ್ಲಿ ಅಳೆಯೋಣ. ಹತ್ತು ಸುತ್ತಿಗೆ ಒಂದು ಲೀಟರ್ ಬಂದರೆ ನನ್ನ ದೂರು ಅಲ್ಲಿಗೆ ಮುಗಿಯಿತು. ಬರದಿದ್ದರೆ ಪಂಪು ವಾಪಸ್ ತೆಗೆದುಕೊಂಡು ಪೂರ್ತಿ ಹಣ ಕೊಡಿ. ಇದೇ ಮಾಲಿನ ವಾಷರ್ ಹಾಕಿ ಮಾರಿದ ಬೇರೆ ಪಂಪುಗಳಿಗೂ ಹೊಸದು ಕಳಿಸಿ. ಪುಸ್ತಕದಲ್ಲಿ ಒಂದು ಸಾಲು ಸೇರಿಸಿ: ನಿಲ್ಲಿಸಿಟ್ಟ ಪಂಪಿನ ಮೊದಲ ಸುತ್ತುಗಳನ್ನು ಡಬ್ಬಕ್ಕೇ ವಾಪಸ್ ಬಿಟ್ಟು, ಗಾಳಿ ಹೋದ ಮೇಲೆ ಮೀಟರನ್ನು ಸೊನ್ನೆಗೆ ತಂದು ಅಳೆಯಿರಿ ಅಂತ. ವಾಷರ್ ಸರಿ ಇದ್ದರೂ ಇದು ಬೇಕಾಗುವ ಮಾತು.

ಈ ಕಾಗದ ತಲುಪಿದ 15 ದಿನದೊಳಗೆ ಬರವಣಿಗೆಯಲ್ಲಿ ಉತ್ತರ ಕೊಡಿ. ಇಲ್ಲದಿದ್ದರೆ ಮೊದಲು ಗ್ರಾಹಕ ಸಹಾಯವಾಣಿ 1915ರಲ್ಲಿ ದೂರು ದಾಖಲಿಸುತ್ತೇನೆ, ಆಮೇಲೆ ಚಿಕ್ಕಮಗಳೂರಿನ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗುತ್ತೇನೆ. ವರ್ಕ್‌ಶಾಪಿಗೆ ಕೊಂಡದ್ದು, ನೀವು ಗ್ರಾಹಕರೇ ಅಲ್ಲ ಅಂತ ನಿಮ್ಮ ವಕೀಲರು ಹೇಳಬಹುದು. ಸ್ವಂತ ದುಡಿಮೆಯಿಂದ ಹೊಟ್ಟೆ ಹೊರೆಯಲು ಕೊಂಡವನೂ ಗ್ರಾಹಕನೇ ಅಂತ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲೇ ಇದೆ. ದೂರು ಕೊಡುವವನು ಇರುವ ಊರಿನಲ್ಲೇ ಕೇಸು ಹಾಕಬಹುದು, ಐದು ಲಕ್ಷದೊಳಗಿನ ಮಾಲಿಗೆ ಶುಲ್ಕವೂ ಇಲ್ಲ. ಬೆಂಗಳೂರಿನಿಂದ ಘಾಟಿ ಕಡೆ ಓಡಾಡಬೇಕಾಗುವುದು ನೀವು.

ನನಗೆ ಫೋನ್ ಮಾಡುವುದಾದರೆ ಸಂಜೆ ಏಳರ ಮೇಲೆ ಮಾಡಿ. ಹಗಲು ತೋಟಗಳಲ್ಲಿ ನೆಟ್‌ವರ್ಕ್ ಸಿಗುವುದಿಲ್ಲ.

ಇಂತಿ,
ವರ್ಕ್‌ಶಾಪ್ ಮಾಲೀಕ, ಮೂಡಿಗೆರೆ

ಜೊತೆಗಿಟ್ಟಿರುವುದು: ಬಿಲ್ಲು ಮತ್ತು ವಾರಂಟಿ ಕಾರ್ಡಿನ ನಕಲು, ತಕ್ಕಡಿಯ ಮೇಲೆ ತೂಗಿದ ಫೋಟೋಗಳು, ನಿಮ್ಮವರ ಮೆಸೇಜಿನ ಪ್ರತಿ, ಉಬ್ಬಿದ ವಾಷರಿನ ಫೋಟೋ. ವಾಷರ್ ನನ್ನ ಹತ್ತಿರವೇ ಇದೆ. ಅದನ್ನು ಪೋಸ್ಟಿನಲ್ಲಿ ಕಳಿಸುವುದಿಲ್ಲ, ಡೀಲರ್ ಅಂಗಡಿಗೆ ನಿಮ್ಮವರು ಬಂದಾಗ ತೋರಿಸುತ್ತೇನೆ.