‘ಮನಸ್ಸಿಲ್ಲ’ ಅನ್ನುವ ಮೊದಲು ಕಲಿಸಿಕೊಟ್ಟಿದ್ದೀವಾ?

ಸಂಪಾದಕರಿಗೆ ನಮಸ್ಕಾರ.

ಹೋದ ವಾರ ನಮ್ಮ ಕಡೆ ಅಡಿಕೆ ಬೆಳೆಗಾರರ ಸಭೆ ಇತ್ತು. ಕೊಳೆ ರೋಗ, ಎಲೆಚುಕ್ಕೆ ರೋಗ, ಧಾರಣೆ ಎಲ್ಲ ಮಾತಾಡಿ ಆದಮೇಲೆ ಕೆಲಸಗಾರರ ವಿಷಯ ಬಂತು. "ಈಗಿನ ಹುಡುಗರಿಗೆ ದುಡಿಯುವ ಮನಸ್ಸೇ ಇಲ್ಲ" ಎಂದು ಒಬ್ಬರು ಹೇಳಿದರು. ಎಲ್ಲರೂ ತಲೆಯಾಡಿಸಿದರು. ನಾನೂ ಆಡಿಸಿದೆ. ಮನೆಗೆ ಬಂದ ಮೇಲೆ ಯಾಕೋ ಸಮಾಧಾನ ಆಗಲಿಲ್ಲ. ಸಭೆಯಲ್ಲಿ ಹೇಳಬೇಕಾಗಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ನನಗೀಗ 61 ವರ್ಷ. ತೀರ್ಥಹಳ್ಳಿ ತಾಲ್ಲೂಕಿನಲ್ಲಿ ಎರಡೂವರೆ ಎಕರೆ ಅಡಿಕೆ ತೋಟ ಇದೆ. ನಮ್ಮ ಮನೆಯವರು ತೀರಿಕೊಂಡ ಮೇಲೆ 11 ವರ್ಷದಿಂದ ನಾನೇ ನೋಡಿಕೊಳ್ಳುತ್ತಿದ್ದೇನೆ.

ಮೂರು ವರ್ಷದ ಹಿಂದಿನ ಮಾತು. ಮಳೆ ಹಿಡಿಯುವ ಮೊದಲು, ಕೊಳೆ ರೋಗ ತಡೆಯಲು ಮೈಲುತುತ್ತ (ತಾಮ್ರದ ಸಲ್ಫೇಟ್) ಮತ್ತು ಸುಣ್ಣ ಕೂಡಿಸಿದ ಬೋರ್ಡೋ ಔಷಧಿ ಹೊಡೆಸುತ್ತಿದ್ದೆವು. ಮೇಲಿನ ತೋಟ ಮುಗಿದಿತ್ತು. ಮಾರನೇ ದಿನ, ಯಾವಾಗಲೂ ಔಷಧಿ ಕೂಡಿಸುವ ಹಿರಿಯರಿಗೆ ಸೊಂಟ ಹಿಡಿದು ಬರಲು ಆಗಲಿಲ್ಲ. ಕೆಳಗಿನ ತೋಟದ ದಿನ ಆ ಕೆಲಸವನ್ನು ಒಬ್ಬ ಹುಡುಗನಿಗೆ ವಹಿಸಿದೆ. 22 ವರ್ಷದವನು. ಬೆಳಗ್ಗೆ ಆರಕ್ಕೇ ಬಂದು ಡ್ರಮ್ ತೊಳೆದು ನೀರು ತುಂಬಿಸಿದ್ದ. ಅಷ್ಟು ಆಸೆಯಿಂದ ಬಂದಿದ್ದ. ನಾನು ಹೇಳಿದ್ದು ಇಷ್ಟೇ: "ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ, ನೂರು ಲೀಟರ್ ನೀರು. ಚೆನ್ನಾಗಿ ಕದಡಿಬಿಡು."

ಅವನು ಹೇಳಿದ ಹಾಗೇ ಮಾಡಿದ. ಎರಡನ್ನೂ ಒಂದೇ ಡ್ರಮ್ಮಿಗೆ ಸುರಿದು ಕದಡಿದ. ಆಗಸ್ಟ್‌ನಲ್ಲಿ ಕೆಳಗಿನ ತೋಟದಲ್ಲಿ ಕಾಯಿ ಉದುರಲು ಶುರುವಾಯಿತು. ಆ ವರ್ಷ ಮಳೆಯೂ ಜಾಸ್ತಿ ಇತ್ತು, ಅದು ನಿಜ. ಆದರೆ ಮೇಲಿನ ತೋಟದಲ್ಲಿ ಅಷ್ಟು ಕೊಳೆ ಬರಲಿಲ್ಲ. ನಾನು ಎಲ್ಲರ ಮುಂದೆ ಅವನಿಗೆ ಬೈದೆ. "ಮನಸ್ಸಿಟ್ಟು ಮಾಡಿದ್ರೆ ಹೀಗಾಗ್ತಿತ್ತಾ?" ಅಂದೆ. ಅವನು ಏನೂ ಹೇಳಲಿಲ್ಲ. ಮರುವಾರದಿಂದ ಬರುವುದನ್ನೇ ಬಿಟ್ಟ.

ಸೊಂಟ ವಾಸಿಯಾಗಿ ಬಂದ ಹಿರಿಯರು ಒಂದೇ ಪ್ರಶ್ನೆ ಕೇಳಿದರು. "ಕತ್ತಿ ಅದ್ದಿ ನೋಡೋದನ್ನ ಅವನಿಗೆ ಯಾರಾದ್ರೂ ತೋರಿಸಿದ್ರಾ ಅಮ್ಮಾ?"

ಯಾರೂ ತೋರಿಸಿರಲಿಲ್ಲ. ಮೈಲುತುತ್ತವನ್ನು 50 ಲೀಟರ್ ನೀರಲ್ಲಿ ಬೇರೆ ಕರಗಿಸಬೇಕು. ಸುಣ್ಣವನ್ನು ಇನ್ನೊಂದು 50 ಲೀಟರ್‌ನಲ್ಲಿ ಬೇರೆ ಕದಡಿ ಸೋಸಬೇಕು. ತುತ್ತದ ನೀರನ್ನು ಸುಣ್ಣದ ನೀರಿಗೆ ನಿಧಾನಕ್ಕೆ ಹೊಯ್ಯುತ್ತಾ ತಿರುವುತ್ತಾ ಇರಬೇಕು. ಆಮೇಲೆ ಹೊಳೆಯುವ ಕಬ್ಬಿಣದ ಕತ್ತಿಯನ್ನು ಸ್ವಲ್ಪ ಹೊತ್ತು ಅದ್ದಿ ನೋಡಬೇಕು. ತಾಮ್ರದ ಕೆಂಪು ಹತ್ತಿದರೆ ಸುಣ್ಣ ಸಾಲದು, ಇನ್ನಷ್ಟು ಸೇರಿಸಬೇಕು. ನನ್ನ ಅತ್ತೆ ಮದುವೆಯಾಗಿ ಬಂದ ಕಾಲದಲ್ಲಿ ಈ ಊರಲ್ಲಿ ಅಡಿಕೆ ಕೊನೆಗೆ, ಅಂದರೆ ಗೊಂಚಲಿಗೆ, ಮಳೆ ತಾಗದ ಹಾಗೆ ಕೊಟ್ಟೆ ಎಂಬ ಹೊದಿಕೆ ಕಟ್ಟಿ ಕೊಳೆ ತಡೆಯುತ್ತಿದ್ದರಂತೆ. ಮೈಸೂರು ಸಂಸ್ಥಾನದಲ್ಲಿ ಕೃಷಿ ವಿಜ್ಞಾನಿಯಾಗಿದ್ದ ಲೆಸ್ಲಿ ಕೋಲ್ಮನ್ ಅವರು ಅಡಿಕೆಯ ಕೊಳೆ ರೋಗಕ್ಕೆ ಬೋರ್ಡೋ ದಾರಿ ತೋರಿಸಿ ನೂರು ವರ್ಷದ ಮೇಲಾಯಿತು. ಇಷ್ಟು ಹಳೆಯ ಔಷಧಿಯನ್ನು ಕೂಡಿಸುವ ಕ್ರಮ ಆ ಹುಡುಗನಿಗೆ ಗೊತ್ತಿರಲೇಬೇಕು ಎಂದು ನಾನು ಸುಮ್ನೆ ಅಂದುಕೊಂಡುಬಿಟ್ಟಿದ್ದೆ. ತಪ್ಪು ನನ್ನದು.

ಶಿವಮೊಗ್ಗದ ಕಾಲೇಜಿನಲ್ಲಿ ಮ್ಯಾನೇಜ್‌ಮೆಂಟ್ ಪಾಠ ಮಾಡುವ ಮಗಳಿಗೆ ಇದನ್ನೆಲ್ಲ ಫೋನಿನಲ್ಲಿ ಹೇಳಿಕೊಂಡೆ. ವಿಕ್ಟರ್ ವ್ರೂಮ್ ಎಂಬ ಮನೋವಿಜ್ಞಾನಿ 1964ರಲ್ಲೇ ಇದನ್ನು ಒಂದು ಲೆಕ್ಕದ ಹಾಗೆ ಹೇಳಿದ್ದಾರಂತೆ. ಕೆಲಸ ಎಷ್ಟು ಚೆನ್ನಾಗಿ ಆಗುತ್ತದೆ ಅನ್ನುವುದು ಮಾಡುವ ಮನಸ್ಸು ಮತ್ತು ಮಾಡುವ ಸಾಮರ್ಥ್ಯ ಎರಡರ ಗುಣಾಕಾರ. ಕೂಡುವ ಲೆಕ್ಕ ಅಲ್ಲ ಎಂದು ಮಗಳು ಒತ್ತಿ ಹೇಳಿದಳು. ಕೂಡುವುದಾದರೆ ಮನಸ್ಸು ಹತ್ತು ಪಾಲು ಇದ್ದರೆ ಹತ್ತಾದರೂ ಸಿಗುತ್ತಿತ್ತು. ಗುಣಿಸುವಾಗ ಒಂದು ಕಡೆ ಸೊನ್ನೆ ಇದ್ದರೆ ಉತ್ತರ ಸೊನ್ನೆಯೇ. ಆ ಹುಡುಗನ ಮನಸ್ಸು ಹತ್ತಕ್ಕೆ ಹತ್ತು ಇತ್ತು. ಕಲಿಸದೇ ಇದ್ದದ್ದರಿಂದ ಸಾಮರ್ಥ್ಯ ಸೊನ್ನೆ. ನಾನು ಬೈದು ಅದನ್ನೂ ಸೊನ್ನೆ ಮಾಡಿದೆ.

ಇದರ ಇನ್ನೊಂದು ಮುಖವನ್ನೂ ನೋಡಿದ್ದೇನೆ. ನಮ್ಮಲ್ಲಿಗೆ 20 ವರ್ಷದಿಂದ ಬರುವ, ಮರ ಹತ್ತಿ ಕೊನೆ ಇಳಿಸುವ ಕೊನೆಗಾರರೊಬ್ಬರಿದ್ದಾರೆ. ಯಾವ ಮರದ ಕೊನೆ ರಾಶಿ ಅಡಿಕೆ ಮಾಡುವ ಹದಕ್ಕೆ ಬಂದಿದೆ, ಯಾವುದು ಇನ್ನೂ ಹದಿನೈದು ದಿನ ಇರಲಿ ಎಂದು ನೆಲದಲ್ಲಿ ನಿಂತೇ ಹೇಳುತ್ತಾರೆ. ಒಂದು ವರ್ಷ ಫಸಲನ್ನು ಚೇಣಿಗೆ ಕೊಟ್ಟೆ, ಅಂದರೆ ಮರದಲ್ಲಿರುವಾಗಲೇ ಇನ್ನೊಬ್ಬರಿಗೆ ಗುತ್ತಿಗೆಗೆ. ಚೇಣಿದಾರರು ಇವರನ್ನೇ ಕರೆಸಿದರು. ಕೂಲಿಯೂ ಕಡಿಮೆ ಇರಲಿಲ್ಲ. ಆದರೆ ಬಲಿತದ್ದು, ಎಳೆಯದ್ದು ಎಲ್ಲ ಒಟ್ಟಿಗೆ ಕೆಳಗೆ ಬಂತು. ನನಗೆ ಆಶ್ಚರ್ಯವಾಯಿತು. ಯಾಕೆ ಹೀಗೆ ಎಂದು ಕೇಳಿದೆ. "ಒಂದೇ ಸಲಕ್ಕೆ ಮುಗಿಸಿ ಅಂದ್ರು. ನಾನು ಹೇಳಿದ್ರೆ ಯಾರು ಕೇಳ್ತಾರೆ ಅಮ್ಮಾ?" ಅಂದರು. ಕೈ ಅದೇ, ಕಣ್ಣು ಅದೇ. ಅವರ ಮಾತಿಗೆ ಬೆಲೆ ಇರಲಿಲ್ಲ, ಹಾಗಾಗಿ ಮನಸ್ಸು ಇರಲಿಲ್ಲ. ಮುಂದಿನ ವರ್ಷದಿಂದ ನಾನು ಚೇಣಿಗೆ ಕೊಟ್ಟಿಲ್ಲ.

ತೋಟದ ಮಾತು ಮಾತ್ರ ಅಲ್ಲ ಇದು. ಪಕ್ಕದ ಮನೆಯ ಹುಡುಗ ಎಸ್ಸೆಸ್ಸೆಲ್ಸಿ. ಸಂಜೆ ನಮ್ಮ ಜಗಲಿಗೆ ಓದಲು ಬರುತ್ತಾನೆ. ಅವರ ಶಾಲೆಯಲ್ಲಿ ಪರೀಕ್ಷೆಗೆ ಮೊದಲು ಸ್ಫೂರ್ತಿ ತುಂಬುವ ಭಾಷಣ ಇಟ್ಟಿದ್ದರು. ನೋಟ್‌ಬುಕ್ಕಿನ ಒಂದು ಪುಟ ಪೂರ್ತಿ "ನಾನು ಸಾಧಿಸುತ್ತೇನೆ" ಎಂದು ಬರೆದುಕೊಂಡು ಬಂದ. ಮುಕ್ಕಾಲಿಗೆ ಅರ್ಧ ಕೂಡಿಸು ಅಂದೆ. ಮೇಲಿನದಕ್ಕೆ ಮೇಲಿನದು, ಕೆಳಗಿನದಕ್ಕೆ ಕೆಳಗಿನದು ಸೇರಿಸಿ ಆರರಲ್ಲಿ ನಾಲ್ಕು ಎಂದು ಬರೆದ. ಆ ಮಗುವಿಗೆ ಬೇಕಾಗಿದ್ದು ಭಾಷಣವಾ? ನಾಲ್ಕು ಸಂಜೆ ಅಡಿಕೆ ಹೋಳು ಇಟ್ಟುಕೊಂಡು ಕೂತೆವು. ಒಂದೂಕಾಲು ಬಂತು. ಆಮೇಲೆ ಕರೆಯದಿದ್ದರೂ ಪುಸ್ತಕ ಹಿಡಿದು ಬರತೊಡಗಿದ. ಮಾಡಲು ಬಂದರೆ ಆಸೆ ಹುಟ್ಟುತ್ತದೆ ಅಲ್ವಾ? ಎಷ್ಟು ತಿಣುಕಿದರೂ ಬರದೇ ಇದ್ದಾಗ ಎಂಥವರಿಗೂ ಬೇಜಾರಾಗುತ್ತದೆ. ಅದನ್ನೇ ನಾವು ಆಸಕ್ತಿ ಇಲ್ಲ ಅನ್ನುತ್ತೇವೆ.

ಇನ್ನು ಆ ಔಷಧಿ ಹುಡುಗನ ವಿಷಯ. ಮರುವರ್ಷ ಮೇ ತಿಂಗಳಲ್ಲಿ ಅವನ ಮನೆಗೇ ಹೋದೆ. ನಾನು ಕಲಿಸಿಕೊಡದೇ ಬೈದೆ, ತಪ್ಪಾಯಿತು ಅಂದೆ. ಅವನ ತಾಯಿ ಕಾಫಿ ಕೊಟ್ಟರು. ಎರಡು ದಿನ ಅವನು ಹಿರಿಯರ ಜೊತೆ ಇದ್ದು ಕಲಿತ. ಆ ಎರಡು ದಿನಕ್ಕೂ ಇಬ್ಬರಿಗೂ ಪೂರ್ತಿ ಕೂಲಿ ಕೊಟ್ಟೆ. ಈಗ ಅವನು ಕತ್ತಿ ಅದ್ದಿ ನೋಡದೆ ಪಂಪ್ ಶುರುಮಾಡಲು ಯಾರಿಗೂ ಬಿಡುವುದಿಲ್ಲ. ಹೋದ ವರ್ಷ ಅಕ್ಕಪಕ್ಕದ ಮೂರು ತೋಟದವರು ಅವನನ್ನೇ ಕರೆದರು.

ನಮ್ಮ ಪಂಚಾಯಿತಿಗಳಲ್ಲಿ, ಸಹಕಾರ ಸಂಘಗಳಲ್ಲಿ ಇರುವವರನ್ನು ಕೇಳುವುದು ಇಷ್ಟು. ಮಳೆಗಾಲಕ್ಕೆ ಮೊದಲು ಔಷಧಿ ಕೂಡಿಸುವುದು, ದೋಟಿ (ತೋಟದ ಉದ್ದ ಕೋಲು) ಹಿಡಿಯುವುದು, ಕೊನೆಯ ಹದ ನೋಡುವುದು ಇವನ್ನು ಹುಡುಗರಿಗೆ ತೋಟದಲ್ಲೇ ಕಲಿಸಿ. ಸಭಾಂಗಣದ ಭಾಷಣ ಬೇಡ. ಕಲಿಯುವ ದಿನಕ್ಕೂ ಕೂಲಿ ಸಿಗಬೇಕು, ಯಾಕೆಂದರೆ ದಿನದ ದುಡಿಮೆ ಬಿಟ್ಟು ಬರುವವರಿಗೆ ಮನೆ ನಡೆಯಬೇಕು. ಕಲಿಸುವವರು ನಮ್ಮ ಹಳೆಯ ಕೊನೆಗಾರರೇ ಆಗಲಿ, ಅವರಿಗೆ ಗೌರವಧನ ಕೊಡಿ. ಅವರಲ್ಲಿ ಬಹಳ ಜನರಿಗೆ 60 ದಾಟಿದೆ. ಅವರು ಮರ ಹತ್ತುವುದು ಬಿಟ್ಟ ಮೇಲೆ ಕೇಳಲು ಹೋದರೆ ಬಾಯಲ್ಲಿ ಹೇಳಿಯಾರು, ಮರದ ಮೇಲೆ ತೋರಿಸಲು ಆಗುವುದಿಲ್ಲ.

ಜಾಗಕ್ಕೆ ಹುಡುಕಬೇಕಿಲ್ಲ. ಮೇ ಕೊನೆಯ ವಾರ ನಮ್ಮ ಕೆಳಗಿನ ತೋಟವನ್ನು ಬಿಟ್ಟುಕೊಡುತ್ತೇನೆ. ಡ್ರಮ್, ಪಂಪ್, ಕತ್ತಿ ಎಲ್ಲ ಇದೆ. ಬಂದವರಿಗೆಲ್ಲ ಮಧ್ಯಾಹ್ನದ ಊಟ ನಮ್ಮ ಮನೆಯಲ್ಲೇ.

ಇಂತಿ,
ಒಬ್ಬ ಅಡಿಕೆ ಬೆಳೆಗಾರ್ತಿ
ತೀರ್ಥಹಳ್ಳಿ ತಾಲ್ಲೂಕು, ಶಿವಮೊಗ್ಗ ಜಿಲ್ಲೆ