ಟೂರಿಸ್ಟ್ ಆಗಿ ಹೋಗಿ ಪಾಠ ಮಾಡಬಹುದಾ?

ಸಂಪಾದಕರೇ,

ನಮ್ಮ ಅಕ್ಕನ ಮಗಳು ಬಿ.ಎಡ್. ಮುಗಿಸಿ ಥಾಯ್ಲೆಂಡಿನಲ್ಲಿ ಇಂಗ್ಲಿಷ್ ಟೀಚರ್ ಆಗಲು ಹೊರಟಿದ್ದಳು. ಏಜೆಂಟ್ ಒಂದೂವರೆ ಲಕ್ಷ ಕೇಳಿದ. "ಈಗ ಸುಮ್ನೆ ಟೂರಿಸ್ಟ್ ಅಂತ ಹೋಗಮ್ಮ, ವೀಸಾ ಆಮೇಲೆ ಸ್ಕೂಲಿನವರೇ ಮಾಡಿಸ್ತಾರೆ" ಅಂದ. 2024ರ ಜುಲೈನಲ್ಲಿ ಅಲ್ಲಿನ ಸರ್ಕಾರ ನಮ್ಮವರಿಗೆ ವೀಸಾ ಇಲ್ಲದೆ 60 ದಿನ ಇರಲು ಬಿಟ್ಟಿತಲ್ಲ, ಅದನ್ನೇ ಇವನು ಬಂಡವಾಳ ಮಾಡಿಕೊಂಡಿದ್ದ. ಆದರೆ ಅದು ಸುತ್ತಾಡಲು ಕೊಟ್ಟಿದ್ದು, ಬೋರ್ಡ್ ಮುಂದೆ ನಿಲ್ಲಲು ಅಲ್ಲ.

ಪಾಠ ಮಾಡಲು ನಾನ್-ಇಮಿಗ್ರೆಂಟ್ ಬಿ ವೀಸಾ ಬೇಕು, ಅದರ ಜೊತೆ ವರ್ಕ್ ಪರ್ಮಿಟ್ ಬೇಕು, ಶಾಲೆಯಲ್ಲಾದರೆ ಅಲ್ಲಿನ ಶಿಕ್ಷಕರ ಮಂಡಳಿ ಕುರುಸಪಾದ ಲೈಸೆನ್ಸೋ ತಾತ್ಕಾಲಿಕ ಅನುಮತಿಯೋ ಬೇಕು. ಪರ್ಮಿಟ್ ಇಲ್ಲದೆ ಸಿಕ್ಕಿಬಿದ್ದರೆ 5,000ದಿಂದ 50,000 ಬಾತ್ ದಂಡ, ಗಡೀಪಾರು, ಮುಂದೆ 2 ವರ್ಷ ಪರ್ಮಿಟ್ ಇಲ್ಲ. ಶಾಲೆಯವರು ಸಂಬಳ ಕೊಡದಿದ್ದರೆ ಯಾರ ಹತ್ತಿರ ದೂರು ಕೊಡೋದು? ಕೆಲಸವೇ ಕಳ್ಳತನದ್ದು ಅಲ್ವಾ!

ನಾನು ಏಜೆಂಟಿಗೆ ಫೋನ್ ಮಾಡಿ, "ನಿಮ್ಮ ರಿಜಿಸ್ಟ್ರೇಷನ್ ನಂಬರ್ ಹೇಳಿ" ಅಂದೆ. ಲೈನ್ ಕಟ್. ವಿದೇಶಾಂಗ ಸಚಿವಾಲಯದ ಇ-ಮೈಗ್ರೇಟ್ ತಾಣದಲ್ಲಿ ನೋಂದಾಯಿತ ಏಜೆಂಟರ ಪಟ್ಟಿ ಇದೆ. ಅವರು ಸೇವಾ ಶುಲ್ಕವೆಂದು 30,000 ರೂಪಾಯಿ, ಮೇಲೆ ಜಿಎಸ್‌ಟಿ, ಇದಕ್ಕಿಂತ ಜಾಸ್ತಿ ತೆಗೆದುಕೊಳ್ಳುವಂತಿಲ್ಲ. ಇಷ್ಟನ್ನು ಪ್ರತಿ ಬಿ.ಎಡ್. ಕಾಲೇಜಿನ ನೋಟಿಸ್ ಬೋರ್ಡಿಗೆ ಅಂಟಿಸಲು ಇಲಾಖೆಯವರಿಗೆ ಏನು ಕಷ್ಟ?

– ನಿವೃತ್ತ ಶಿಕ್ಷಕಿ, ದಾವಣಗೆರೆ