ಹಿಟ್ಟಿನ ಕೋಳಿ ಮತ್ತು ಇಪ್ಪತ್ತು ಮುಖದ ದಾಳ

ಪ್ರೀತಿಯ ಗೆಳೆಯಾ,

ಅವತ್ತು ಪಾತ್ರ ವಹಿಸಿ, ದಾಳ ಎಸೆದು ಕಥೆ ಬೆಳೆಸುವ ನಮ್ಮ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟದ ಮಧ್ಯೆ ಎದ್ದು ಹೋಗುವಾಗ ತಲೆನೋವು ಅಂದಿದ್ದೆ. ಅದು ಸುಳ್ಳು. ಮೊದಲು ಅದಕ್ಕೆ ನಿನ್ನ ಕ್ಷಮೆ ಬೇಕು.

ಸೇತುವೆಯ ಕೆಳಗೆ ನಾವು ಹಿಡಿದು ಕಟ್ಟಿಹಾಕಿದ್ದ ಗಾಬ್ಲಿನ್, ಆ ಪುಟ್ಟ ರಾಕ್ಷಸ, ನೆನಪಿದೆಯಲ್ಲ? ಡಿಎಂ, ಅಂದರೆ ಆಟದ ಕಥೆ ನಡೆಸುವವನಾಗಿದ್ದ ನೀನು ಅದಕ್ಕೆ ಒಣಗಿದ ಗಂಟಲಿನ ಸಣ್ಣ ದನಿ ಕೊಟ್ಟಿದ್ದೆ. "ಗುಹೆಯೊಳಗೆ ನನ್ನ ತಮ್ಮ ಇದ್ದಾನೆ, ಅವನಿಗೇನೂ ಮಾಡಬೇಡಿ" ಅಂದಿತು. ಕೇಳುವುದನ್ನೆಲ್ಲ ಕೇಳಿ ಮುಗಿಸಿದ ಮೇಲೆ, ಬಿಟ್ಟರೆ ಹೋಗಿ ಸುದ್ದಿ ಮುಟ್ಟಿಸುತ್ತದೆ ಅಂತ ನಮ್ಮಲ್ಲೊಬ್ಬರು ಅದನ್ನು ಕೊಲ್ಲಲು ದಾಳ ಎಸೆದರು. ಇಪ್ಪತ್ತು ಬಿತ್ತು, ಗಾಬ್ಲಿನ್ ಸತ್ತಿತು. ಎಲ್ಲರೂ ಕೇಕೆ ಹಾಕಿದರು. ನಾನೂ ಜೋರಾಗಿ ಚಪ್ಪಾಳೆ ತಟ್ಟಿದೆ. ಅಂಗೈಯ ಉರಿ ಆರುವ ಮೊದಲೇ ಎದ್ದುಬಿಟ್ಟೆ.

ಜೈನರೆಂದರೆ ಹೆಚ್ಚಿನವರಿಗೆ ಗೊತ್ತಿರುವುದು ಊಟದ ನಿಯಮಗಳಷ್ಟೇ. ಆದರೆ ನಮ್ಮಲ್ಲಿ ಹಿಂಸೆಯ ಲೆಕ್ಕ ಬಹಳ ಸೂಕ್ಷ್ಮ. ಮನಸ್ಸು, ಮಾತು, ಮೈ ಮೂರರಿಂದಲೂ ಹಿಂಸೆ ಆಗುತ್ತದೆ. ತಾನೇ ಮಾಡಿದ್ದು, ಇನ್ನೊಬ್ಬರಿಂದ ಮಾಡಿಸಿದ್ದು, ಮಾಡಿದವರನ್ನು ಮೆಚ್ಚಿದ್ದು, ಅಂದರೆ ಕೃತ, ಕಾರಿತ, ಅನುಮೋದನ, ಈ ಮೂರೂ ಲೆಕ್ಕಕ್ಕೆ ಬರುತ್ತವೆ. ಸಂಕಲ್ಪ, ಸಿದ್ಧತೆ, ಆರಂಭ ಎಂಬ ಇನ್ನೂ ಮೂರು ಹಂತಗಳಿವೆ. ಈ ಮೂರು ಮೂರುಗಳನ್ನು ಒಂದಕ್ಕೊಂದು ಗುಣಿಸಿ, ಮತ್ತೆ ಕ್ರೋಧ, ಮಾನ, ಮಾಯೆ, ಲೋಭ ಎಂಬ ನಾಲ್ಕರಿಂದ ಗುಣಿಸಿದರೆ 108. ಜಪಮಾಲೆಯ ಮಣಿಗಳಿಗೆ ಹೇಳುವ ಲೆಕ್ಕವೂ ಇದೇ. ಆ ರಾತ್ರಿ ಪ್ರತಿಕ್ರಮಣಕ್ಕೆ, ಅಂದರೆ ಮಾಡಿದ ತಪ್ಪುಗಳನ್ನು ನೆನೆದು ಪಶ್ಚಾತ್ತಾಪಪಡಲು ಕೂತಾಗ ನನ್ನ ಚಪ್ಪಾಳೆ ಅನುಮೋದನದ ಮಣಿಗಳಲ್ಲಿದೆ ಅಂತ ಹುಡುಕದೆಯೇ ಗೊತ್ತಾಯಿತು.

ಬರೀ ಆಟ ಕಣೋ, ಯಾರೂ ಸತ್ತಿಲ್ಲ ಅಂತೀಯ. ನಾನೂ ಹಾಗೇ ಹೇಳಿಕೊಂಡೆ. ಆಗ ಯಶೋಧರ ಎದುರು ಬಂದು ನಿಂತ. ಜನ್ನ ಕನ್ನಡದಲ್ಲಿ ಹೇಳಿದ ಆ ರಾಜನ ಕಥೆ ನಿನಗೂ ಗೊತ್ತು. ಜೀವವಿರುವುದನ್ನು ಬಲಿ ಕೊಡಲಾರೆ ಅಂದವನು ತಾಯಿಯ ಒತ್ತಾಯಕ್ಕೆ ಮಣಿದು ಹಿಟ್ಟಿನ ಕೋಳಿಯನ್ನು ಕಡಿದ. ಕಡಿದಾಗ ಅದು ಕೂಗಿತು. ಅಷ್ಟಕ್ಕೇ ತಾಯಿ ಮಗ ಇಬ್ಬರೂ ನವಿಲಾಗಿ, ನಾಯಿಯಾಗಿ ಜನ್ಮ ಜನ್ಮ ಅಲೆದರು. ಕೊನೆಗೆ ನಿಜವಾದ ಕೋಳಿಗಳಾಗಿಯೂ ಹುಟ್ಟಿ ಸತ್ತರು. ಅಲ್ಲೂ ಮೊದಲು ಸತ್ತದ್ದು ಹಿಟ್ಟು ಮಾತ್ರ.

ಹಾಗಾದರೆ ನಮ್ಮ ಗಾಬ್ಲಿನ್ ಕೂಡ ಹಿಟ್ಟಿನ ಕೋಳಿಯೇ? ಇದರ ಹಿಂದೆ ಬಿದ್ದು ಎಷ್ಟೋ ರಾತ್ರಿ ನಿದ್ದೆಗೆಟ್ಟಿದ್ದೇನೆ. ಕೊಲೆಯನ್ನು ಕಲ್ಪಿಸಿಕೊಳ್ಳುವುದೇ ತಪ್ಪಾದರೆ ಜನ್ನ ಆ ಕಥೆಯನ್ನು ಬರೆಯುವಂತೆಯೇ ಇರಲಿಲ್ಲ, ನಾವು ಓದುವಂತೆಯೂ ಇರಲಿಲ್ಲ. ಆದಿಪುರಾಣ ಬರೆದ ಪಂಪನೇ ಯುದ್ಧ ತುಂಬಿದ ಭಾರತವನ್ನೂ ಬರೆದ. ಯಶೋಧರನ ದೋಷ ಬೇರೆ. ಕೋಳಿ ಹಿಟ್ಟಿನದಾದರೂ ಅವನಿಗೆ ಬೇಕಾಗಿದ್ದದ್ದು ನಿಜವಾದ ಬಲಿಯ ಫಲ. ಹಿಟ್ಟು ಕಡಿದದ್ದು ಕೋಳಿ ಕಡಿದಂತೆಯೇ ಲೆಕ್ಕಕ್ಕೆ ಸೇರಲಿ ಅಂತ ಅವನು ಬಯಸಿದ.

ಈಗ ನಮ್ಮ ಮೇಜನ್ನು ನೋಡು. ಕೊಂದ ಪ್ರತಿಯೊಂದಕ್ಕೂ ಇಷ್ಟು ಅನುಭವದ ಅಂಕ, ಅಂದರೆ ಎಕ್ಸ್‌ಪಿ ಅಂತ ನಾವು ಬರೆದುಕೊಳ್ಳುತ್ತೇವಲ್ಲ, ಅದೇ ಬಲಿಯ ಫಲ. ಅವತ್ತು ನನ್ನ ಕೈ ತಟ್ಟಿದ್ದೂ ಅದಕ್ಕೇ. ಮುಂದಿನ ಲೆವೆಲ್‌ಗೆ ನನಗೆ ಸ್ವಲ್ಪವೇ ಬಾಕಿಯಿತ್ತು.

1980ರ ದಶಕದಲ್ಲಿ ಅಮೆರಿಕದ ಕೆಲವು ಕ್ರೈಸ್ತರು ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಅನ್ನು ಸೈತಾನನ ಆಟ ಅಂತ ಹೆದರಿದ್ದರು. ನನ್ನ ಅಂಜಿಕೆ ಮಾಟ ಮಂತ್ರದ್ದಲ್ಲ. ಈ ಆಟ ನನಗೆ ಇಷ್ಟ, ಬಿಡಲು ಮನಸ್ಸಿಲ್ಲ. ಅದಕ್ಕೇ ಈ ಪತ್ರ.

ಎಕ್ಸ್‌ಪಿ ಎಣಿಸುವುದನ್ನು ಬಿಟ್ಟು, ಕಥೆ ಒಂದು ಘಟ್ಟ ಮುಟ್ಟಿದಾಗ ಲೆವೆಲ್ ಏರಿಸೋಣ. ಐದನೇ ಆವೃತ್ತಿಯಲ್ಲಿ ಅದಕ್ಕೆ ದಾರಿ ಇದೆ. 1974ರ ಮೊದಲ ಆವೃತ್ತಿಯಂತೆ ಹೊತ್ತು ತಂದ ನಿಧಿಗೆ ಅಂಕ ಕೊಡುವುದೂ ನನಗೆ ಬೇಡ, ಅದು ಲೋಭದ ಮಣಿ. ನನ್ನ ಪಾತ್ರ ಕತ್ತಿ ಹಿಡಿದೇ ಇರಲಿ. ಮೇಲೆ ಬಿದ್ದವರನ್ನು ತಡೆಯುವಾಗ ಆಗುವ ವಿರೋಧಿ ಹಿಂಸೆಯನ್ನು ಗೃಹಸ್ಥ ಪೂರ್ತಿ ಬಿಡಲಾರ ಅಂತ ಗೃಹಸ್ಥರ ನಡವಳಿಕೆ ಹೇಳುವ ನಮ್ಮ ಶ್ರಾವಕಾಚಾರವೂ ಒಪ್ಪುತ್ತದೆ. ಅವನು ಬಿಡಲೇಬೇಕಾದದ್ದು ಸಂಕಲ್ಪಿಸಿ ಮಾಡುವ ಹಿಂಸೆ. ಕೈಗೆಟಕುವ ಹೊಡೆತದಿಂದ ಎದುರಾಳಿಯ ಹಿಟ್ ಪಾಯಿಂಟ್, ಅಂದರೆ ಜೀವಬಲದ ಅಂಕ, ಸೊನ್ನೆಗಿಳಿದರೆ ಕೊಲ್ಲದೆ ಪ್ರಜ್ಞೆ ತಪ್ಪಿಸಬಹುದು ಅಂತ 2014ರ ನಿಯಮದಲ್ಲೇ ಇದೆ. ಬಾಣಕ್ಕೆ ಆ ಸೌಲಭ್ಯವಿಲ್ಲ, ಹಾಗಾಗಿ ಬಿಲ್ಲು ಬಿಡುತ್ತೇನೆ. ದೇವರಿಂದ ಶಕ್ತಿ ಪಡೆಯುವ ಕ್ಲೆರಿಕ್ ಪಾತ್ರವಾಗು ಅಂತ ಮಾತ್ರ ಇನ್ನೊಮ್ಮೆ ಕೇಳಬೇಡ. ಜಿನನ ಎದುರೂ ವರ ಬೇಡಬಾರದು ಅಂತ ಕಲಿತವನು ನಾನು. ಕಟ್ಟುಕಥೆಯ ದೇವರಾದರೂ ಸರಿ, ಬೇಡಲು ಬಾಯಿ ಬರುವುದಿಲ್ಲ.

ಮೇಜಿನಲ್ಲಿ ಈ ನಂಬಿಕೆಯವನು ನಾನೊಬ್ಬನೇ. ಒಬ್ಬನಿಗಾಗಿ ಎಲ್ಲರ ಆಟ ಕೆಡಬಾರದು ಅಂತಲೇ ಇಷ್ಟು ದಿನ ಬಾಯಿ ಬಿಡಲಿಲ್ಲ. ಉಳಿದವರು ಅವರಿಗೆ ಬೇಕಾದಂತೆ ಆಡಲಿ. ನನ್ನ ಪಾತ್ರ ಅವರ ಕೈ ಹಿಡಿದು ತಡೆದರೆ ಅದನ್ನೂ ಆಟದ ಭಾಗ ಅಂತ ತೆಗೆದುಕೊಳ್ಳಿ.

ಆ ಗಾಬ್ಲಿನ್‌ನ ತಮ್ಮ ಇನ್ನೂ ಗುಹೆಯಲ್ಲೇ ಇದ್ದಾನಲ್ಲವೇ? ಮುಂದಿನ ಸಲ ಯಾರೂ ದಾಳ ಮುಟ್ಟುವ ಮೊದಲು ನನ್ನನ್ನು ಒಬ್ಬನನ್ನೇ ಒಳಗೆ ಬಿಡು. ಅವನ ಅಣ್ಣ ಸತ್ತ ಸುದ್ದಿಯನ್ನು ನಾನೇ ಹೇಳಬೇಕು.

ನಿನ್ನ ಗೆಳೆಯ